ಉಪ್ಪುನೀರಿನಲ್ಲಿ ಕೋಬಾಲ್ಟ್ ಅಲಗು: ಒಂದು ಪ್ರಕರಣ ಅಧ್ಯಯನ

ಸಮುದ್ರದಲ್ಲಿ ಪಂಜರ ಕಟ್ಟಿ ಮೀನು ಸಾಕುವ ಘಟಕವೊಂದರಲ್ಲಿ ನೀರಿನಡಿಯ ಕೆಲಸ ನೋಡಿಕೊಳ್ಳುವ ಮುಳುಗುಗಾರರೊಬ್ಬರು, ತಮ್ಮ ಚಾಕು ಕೆಲವೇ ದಿನಗಳಲ್ಲಿ ಮೊಂಡಾಗುತ್ತದೆ ಎಂಬ ದೂರು ಹೊತ್ತು ಚಾಕು ತಯಾರಕರೊಬ್ಬರ ಬಳಿಗೆ ಹೋದಲ್ಲಿಂದ ಈ ಪ್ರಕರಣ ಆರಂಭವಾಗುತ್ತದೆ. ಹರಿದ ಬಲೆಯನ್ನು ಕತ್ತರಿಸಿ ತೆಗೆಯುವುದು, ಪಾಚಿಯೂ ಚಿಪ್ಪುಜೀವಿಗಳೂ ಹತ್ತಿಕೊಂಡ ಹಗ್ಗವನ್ನು ಕೊಯ್ಯುವುದು, ಸಿಕ್ಕುಬಿದ್ದ ನೂಲನ್ನು ಬಿಡಿಸುವುದು ಇವರ ನಿತ್ಯದ ಕೆಲಸ. ಚಾಕು ಇಡೀ ದಿನ ಕಾಲಿಗೆ ಕಟ್ಟಿದ ಒರೆಯಲ್ಲಿ ಒದ್ದೆಯಾಗಿಯೇ ಇರುತ್ತದೆ; ದಡಕ್ಕೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು ಒರೆಸುವ ಶಿಸ್ತು ಎಲ್ಲ ದಿನವೂ ನಡೆಯುವುದಿಲ್ಲ. ಅವರ ಬೇಡಿಕೆ ಸರಳವಾಗಿತ್ತು: ಇದಕ್ಕಿಂತ ಗಟ್ಟಿಯಾದ ಉಕ್ಕಿನ ಚಾಕು ಬೇಕು. ಲೋಹದ ಆಯ್ಕೆಯ ಬಗ್ಗೆ ಅಭಿಪ್ರಾಯ ಹೇಳುವವನಾಗಿ ನಾನು ಈ ಪ್ರಕರಣದೊಳಗೆ ಬಂದೆ. ಕೊನೆಗೆ ಆಯ್ಕೆಯಾದದ್ದು ಹಳೆಯದಕ್ಕಿಂತ ಮೆದುವಾದ, ಉಕ್ಕೇ ಅಲ್ಲದ ಒಂದು ಲೋಹ. ಆ ಆಯ್ಕೆ ಹೇಗಾಯಿತು, ಅದರಿಂದ ದೊರೆತದ್ದೇನು, ಕಳೆದುಕೊಂಡದ್ದೇನು ಎಂಬುದನ್ನು ಇಲ್ಲಿ ದಾಖಲಿಸಲಾಗಿದೆ.

ದೂರಿನ ಮೂಲ

ಹಳೆಯ ಚಾಕುವಿನ ಉಕ್ಕು ಕಳಪೆಯದಾಗಿರಲಿಲ್ಲ. ಅದರಲ್ಲಿ ಸುಮಾರು ಶೇ. 1 ಇಂಗಾಲ, ಶೇ. 15 ಕ್ರೋಮಿಯಂ, ಶೇ. 1.5 ಕೋಬಾಲ್ಟ್ ಇದ್ದವು. ಕಾಯಿಸಿ ತಣಿಸಿ ಹದ ಹಾಕಿದ ಮೇಲೆ ಅದರ ಗಡಸುತನ ರಾಕ್‌ವೆಲ್ ಸಿ ಮಾನದಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ಲೋಹ ಗಟ್ಟಿ) 60ರ ಆಸುಪಾಸಿನಲ್ಲಿತ್ತು. ಅಲಗಿನ ಬೆನ್ನೂ ಪಕ್ಕೆಗಳೂ ಬಹುಮಟ್ಟಿಗೆ ಹೊಳೆಯುತ್ತಿದ್ದವು, ಅಲ್ಲೊಂದು ಇಲ್ಲೊಂದು ಕಂದು ಚುಕ್ಕೆ ಮಾತ್ರ. ಹೀಗಿರುವಾಗ ಬಳಕೆದಾರರಿಗೆ ತುಕ್ಕಿನ ಮೇಲೆ ಅನುಮಾನ ಬಾರದಿದ್ದುದು ಸಹಜವೇ. ಆದರೆ ಮೊಂಡಾದ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ಚಿತ್ರ ಬೇರೆಯಾಗಿತ್ತು. ಕೊಯ್ದು ಕೊಯ್ದು ಸವೆದ ಅಂಚು ಒಂದೇ ಸಮನೆ ದುಂಡಗಾಗಿ, ಬೆಳಕಿಗೆ ಹಿಡಿದರೆ ನೇರವಾದ ಬಿಳಿ ಗೆರೆಯಂತೆ ಮಿನುಗಬೇಕು. ಇಲ್ಲಿ ಗೆರೆ ಒಡೆದೊಡೆದು ಕಾಣುತ್ತಿತ್ತು. ನಡುನಡುವೆ ಸೂಜಿಮೊನೆಯಿಂದ ಚುಚ್ಚಿದಂತಹ ಕುಳಿಗಳಿದ್ದವು, ಕೆಲವು ಕುಳಿಗಳ ಅಂಚಿನಲ್ಲಿ ಕಪ್ಪು ಕಲೆಯಿತ್ತು.

ಅನುಮಾನವನ್ನು ಖಚಿತಪಡಿಸಿಕೊಳ್ಳಲು ತಯಾರಕರು ಒಂದು ಸರಳ ಪರೀಕ್ಷೆ ಮಾಡಿದರು. ಹಳೆಯ ಚಾಕುವನ್ನು ಕಾಗದ ಸರಾಗವಾಗಿ ಸೀಳುವಷ್ಟು ಹರಿತಗೊಳಿಸಿ, ಒರೆಯನ್ನು ಸಮುದ್ರದ ನೀರಿನಲ್ಲಿ ಅದ್ದಿ, ಚಾಕುವನ್ನು ಅದರೊಳಗೆ ಸೇರಿಸಿ, ಏನನ್ನೂ ಕೊಯ್ಯದೆ ಹಾಗೆಯೇ ಬಿಟ್ಟರು. ಕೆಲವು ದಿನಗಳ ನಂತರ ಹೊರತೆಗೆದಾಗ ಅದೇ ಚಾಕು ಕಾಗದವನ್ನು ಸೀಳುವ ಬದಲು ಹರಿಯತೊಡಗಿತ್ತು. ಒಂದು ಎಳೆ ಹಗ್ಗವನ್ನೂ ಮುಟ್ಟದೆ ಚಾಕು ಮೊಂಡಾಗಿದ್ದರಿಂದ, ಗಡಸುತನ ಹೆಚ್ಚಿಸಿ ಪ್ರಯೋಜನವಿಲ್ಲ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು. ಈ ಪ್ರಕರಣದಲ್ಲಿ ನಡೆದ ಅತ್ಯಂತ ಉಪಯುಕ್ತ ಕೆಲಸ ಇದೇ ಎಂದು ನಾನು ಭಾವಿಸುತ್ತೇನೆ. ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡದೆಯೇ ದುಬಾರಿ ಲೋಹದ ಚಾಕು ಕೊಳ್ಳುವವರು ಬಹಳ ಮಂದಿ.

ಇದರ ಕಾರಣ ಹೀಗಿದೆ. ಚೆನ್ನಾಗಿ ಸಾಣೆ ಹಿಡಿದ ಅಂಚಿನ ತುದಿಯ ದಪ್ಪ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಥವಾ ಅದಕ್ಕಿಂತ ಕಡಿಮೆ. ಅಲಗಿನ ಪಕ್ಕೆಯಲ್ಲಿ ಲೆಕ್ಕಕ್ಕೇ ಬಾರದಷ್ಟು ಲೋಹ ಕರಗಿದರೂ ಅಂಚಿನ ಪಾಲಿಗೆ ಅದು ಸರ್ವನಾಶ. ತುಕ್ಕು ಹಿಡಿಯದ ಉಕ್ಕು ಎನ್ನುವಾಗ ನಾವು ನಂಬುವುದು ಮೇಲ್ಮೈಯಲ್ಲಿ ಕಟ್ಟುವ ಕ್ರೋಮಿಯಂ ಆಕ್ಸೈಡಿನ ತೆಳುಪದರವನ್ನು. ಇಂಗಾಲ ಹೆಚ್ಚಿರುವ ಚಾಕು ಉಕ್ಕುಗಳಲ್ಲಿ ಕ್ರೋಮಿಯಮ್ಮಿನ ಒಂದು ಪಾಲು ಇಂಗಾಲದೊಡನೆ ಕೂಡಿ ಕಾರ್ಬೈಡ್ ಎಂಬ ಗಟ್ಟಿ ಕಣಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಪದರ ಕಟ್ಟಲು ಉಳಿಯುವುದು ಲೋಹದಲ್ಲಿ ಕರಗಿರುವ ಭಾಗ ಮಾತ್ರ. ಕಡಲನೀರಿನ ಕ್ಲೋರೈಡು ಆ ಪದರವನ್ನು ಅಲ್ಲಲ್ಲಿ ಒಡೆಯುತ್ತದೆ, ಗಾಳಿಯಾಡದ ಒದ್ದೆ ಒರೆಯ ಇಕ್ಕಟ್ಟಿನಲ್ಲಿ ಒಡೆದ ಪದರ ಮತ್ತೆ ಕಟ್ಟಿಕೊಳ್ಳಲು ಬೇಕಾದ ಆಮ್ಲಜನಕವೂ ಸಾಲದು. ಕುಳಿಗಳು ಹುಟ್ಟುವುದು ಹೀಗೆ.

ಹೆಸರಿನಲ್ಲಿರುವ ಗೊಂದಲ

ಬಳಕೆದಾರರ ಹಳೆಯ ಚಾಕುವೂ 'ಕೋಬಾಲ್ಟ್ ಚಾಕು' ಎಂದೇ ಮಾರಾಟವಾಗಿದ್ದರಿಂದ, ಹೊಸ ಸಲಹೆ ಕೇಳಿದಾಗ ಅವರು ಸಹಜವಾಗಿಯೇ ಹಿಂಜರಿದರು. ಇಲ್ಲಿ ಎರಡು ಬೇರೆ ವಸ್ತುಗಳನ್ನು ಬಿಡಿಸಿ ನೋಡಬೇಕು. ವಿಜಿ-10, ಎನ್690 ಮುಂತಾದ ಚಾಕು ಉಕ್ಕುಗಳಲ್ಲಿ ಶೇ. 1.5ರಷ್ಟು ಕೋಬಾಲ್ಟ್ ಇರುತ್ತದೆ. ಲೋಹ ಕೊರೆಯುವ ಡ್ರಿಲ್ ಬಿಟ್‌ಗಳ ಎಂ42 ಉಕ್ಕಿನಲ್ಲಿ ಶೇ. 8ರಷ್ಟು. ಕೋಬಾಲ್ಟ್ ಅಲ್ಲಿ ಸ್ವತಃ ಗಟ್ಟಿ ಕಣಗಳನ್ನು ಕಟ್ಟುವುದಿಲ್ಲ, ಕಬ್ಬಿಣದ ಜೊತೆ ಕರಗಿ ನಿಂತು ಬಿಸಿಯಲ್ಲೂ ಉಕ್ಕಿನ ಹದ ಇಳಿಯದಂತೆ ನೆರವಾಗುತ್ತದೆ. ಎಂ42ರಂತಹ ಉಪಕರಣಕ್ಕೆ ಅದು ಬಹಳ ಮುಖ್ಯ. ಕೈಯಲ್ಲಿ ಹಿಡಿದು ಕೊಯ್ಯುವ ಚಾಕು ಕೆಂಪಗೆ ಕಾಯುವುದಿಲ್ಲವಾದ್ದರಿಂದ, ಆ ಶೇ. 1.5 ಕೋಬಾಲ್ಟ್ ಜಾಹೀರಾತಿಗೆ ಕೊಡುವಷ್ಟು ಪ್ರಯೋಜನವನ್ನು ಚಾಕುವಿಗೆ ಕೊಡುತ್ತದೆ ಎಂದು ನನಗೆ ಅನಿಸುವುದಿಲ್ಲ. ಅದೇನೇ ಇದ್ದರೂ ಇವೆಲ್ಲ ಉಕ್ಕುಗಳೇ, ಉಪ್ಪುನೀರಿನಲ್ಲಿ ಉಕ್ಕಿಗೆ ಬರುವ ಕಷ್ಟ ಇವಕ್ಕೂ ಬರುತ್ತದೆ.

ಈ ಪ್ರಕರಣದಲ್ಲಿ ಸೂಚಿಸಿದ್ದು ಕೋಬಾಲ್ಟೇ ಮೂಲಲೋಹವಾದ ಮಿಶ್ರಲೋಹ. ಅದರ ವಂಶದ ಮೂಲಪುರುಷ ಅಮೆರಿಕದ ಇಂಡಿಯಾನಾ ರಾಜ್ಯದ ಕೊಕೊಮೊ ಪಟ್ಟಣದ ಎಲ್ವುಡ್ ಹೇನ್ಸ್. ಕೋಬಾಲ್ಟ್ ಮತ್ತು ಕ್ರೋಮಿಯಂ ಸೇರಿದ ಮಿಶ್ರಲೋಹಕ್ಕೆ 1907ರಲ್ಲಿಯೂ, ಟಂಗ್‌ಸ್ಟನ್, ಮಾಲಿಬ್ಡಿನಂ ಬೆರೆಸಿದ ಮುಂದಿನ ರೂಪಗಳಿಗೆ 1913ರಲ್ಲಿಯೂ ಅವರಿಗೆ ಪೇಟೆಂಟ್ ಸಿಕ್ಕಿತು. ನಕ್ಷತ್ರದಂತೆ ಹೊಳಪು ಮಾಸದ ಈ ಲೋಹಕ್ಕೆ ಅವರಿಟ್ಟ ಹೆಸರು ಸ್ಟೆಲೈಟ್. ಕಪ್ಪಾಗದ ಚಾಕು ಚಮಚಗಳ ಆಸೆಯೂ ಆ ಹುಡುಕಾಟದ ಹಿಂದೆ ಇತ್ತು. ಆದರೆ ಲೋಹಕ್ಕೆ ಹೆಸರು ತಂದದ್ದು ಲೇತ್‌ಗಳ ಕೊಯ್ಯುವ ಉಪಕರಣಗಳು, ಆಮೇಲೆ ಎಂಜಿನ್ನಿನ ಕವಾಟಗಳಂತಹ ಬಿಸಿಯಲ್ಲಿ ಉಜ್ಜಿಕೊಳ್ಳುವ ಬಿಡಿಭಾಗಗಳು. ಇಂದಿಗೂ ಈ ಲೋಹ ತಯಾರಾಗುವುದು ಮುಖ್ಯವಾಗಿ ಅಂತಹ ಕೆಲಸಗಳಿಗೆ. ಚಾಕು ಮಾಡುವವರು ಆ ಪಂಕ್ತಿಯ ಕೊನೆಯಲ್ಲಿ ಕೂತವರು.

ಲೋಹದ ಗುಣ

ಚಾಕುವಿಗೆ ಬಳಕೆಯಾಗುವ ಮುಖ್ಯ ರೂಪಗಳು ಸ್ಟೆಲೈಟ್ 6ಬಿ ಮತ್ತು 6ಕೆ. ಎರಡರಲ್ಲೂ ಕ್ರೋಮಿಯಂ ಶೇ. 28ರಿಂದ 32, ಟಂಗ್‌ಸ್ಟನ್ ಸುಮಾರು ಶೇ. 4.5, ಅಲ್ಪಸ್ವಲ್ಪ ನಿಕಲ್, ಕಬ್ಬಿಣ ಇತ್ಯಾದಿ, ಉಳಿದದ್ದು ಕೋಬಾಲ್ಟ್. ವ್ಯತ್ಯಾಸವಿರುವುದು ಇಂಗಾಲದಲ್ಲಿ. 6ಬಿಯಲ್ಲಿ ಅದು ಶೇ. 1ಕ್ಕೆ ಸಮೀಪ, 6ಕೆಯಲ್ಲಿ ಶೇ. 1.6ಕ್ಕೆ ಸಮೀಪ. ಇಂಗಾಲ ಹೆಚ್ಚಿದಷ್ಟೂ ಕ್ರೋಮಿಯಂ ಕಾರ್ಬೈಡಿನ ಕಣಗಳು ಹೆಚ್ಚು, ಗಡಸುತನ ಹೆಚ್ಚು, ಬಾಗುವ ಗುಣ ಕಡಿಮೆ. ರಾಕ್‌ವೆಲ್ ಸಿ ಮಾನದಲ್ಲಿ 6ಬಿ 40ಕ್ಕಿಂತ ಸ್ವಲ್ಪ ಕೆಳಗೆ, 6ಕೆ 45ರ ಸುತ್ತ ನಿಲ್ಲುತ್ತದೆ. 6ಬಿಯನ್ನೇ ಬೇರೆ ರೀತಿಯಲ್ಲಿ ಸಂಸ್ಕರಿಸಿ ಗಡಸುಗೊಳಿಸಿದ ರೂಪವೊಂದು ಟ್ಯಾಲನೈಟ್ ಎಂಬ ಹೆಸರಿನಲ್ಲಿ ಚಾಕು ಲೋಕಕ್ಕೆ ಪರಿಚಿತ. ಲೋಹವನ್ನು ಎರಕ ಹೊಯ್ದು, ಕಾರ್ಬೈಡು ಮರದ ಕೊಂಬೆರೆಂಬೆಗಳಂತೆ ಹಬ್ಬಿಕೊಳ್ಳುವಂತೆ ಮಾಡಿದ ಅಲಗುಗಳನ್ನು ಡೇವಿಡ್ ಬೋಯ್ ಎಂಬ ಅಮೆರಿಕದ ತಯಾರಕರು ದೋಣಿಯವರ ನಡುವೆ ಜನಪ್ರಿಯಗೊಳಿಸಿದರು.

60 ಇದ್ದ ಕಡೆ 45 ಎಂದರೆ ಯಾರಿಗಾದರೂ ಅಳುಕಾಗುತ್ತದೆ. ಸಾಮಾನ್ಯ ಉಕ್ಕನ್ನು 45ಕ್ಕೆ ಹದ ಇಳಿಸಿದರೆ ಅದು ಸ್ಪ್ರಿಂಗಿಗೆ ಸರಿಯಾಗಬಹುದೇ ಹೊರತು ಒಳ್ಳೆಯ ಚಾಕುವಿಗಲ್ಲ. ಹಾಗಿರುವಾಗ ಈ ಲೋಹ ಹಗ್ಗವನ್ನು ಹೇಗೆ ಕೊಯ್ಯುತ್ತಲೇ ಇರುತ್ತದೆ? ರಾಕ್‌ವೆಲ್ ಯಂತ್ರದ ಮೊನೆ ಲೋಹದಲ್ಲಿ ಇಳಿದಾಗ ಸಿಗುವುದು ಮೆದುವಾದ ತಳಲೋಹ ಮತ್ತು ಅದರೊಳಗಿನ ಗಟ್ಟಿ ಕಣಗಳು ಕೂಡಿ ಕೊಟ್ಟ ಒಟ್ಟು ಪ್ರತಿರೋಧ. ಹಗ್ಗ ಅಂಚನ್ನು ಸವೆಸುವುದು ಬೇರೆ ರೀತಿಯಲ್ಲಿ. ನಾರಿನ ಸಂದಿಯಲ್ಲಿ ಕುಳಿತ ಮರಳಿನ ಸೂಕ್ಷ್ಮ ಕಣ ಅಂಚನ್ನು ಗೀರುತ್ತ ಹೋಗುತ್ತದೆ. ಮರಳಿನ ಗಡಸುತನ ವಿಕರ್ಸ್ ಎಂಬ ಇನ್ನೊಂದು ಮಾನದಲ್ಲಿ ಸುಮಾರು 1,100. ರಾಕ್‌ವೆಲ್ 60ರ ಉಕ್ಕಿನದು ಸುಮಾರು 700, 45ರ ಲೋಹದ್ದು ಸುಮಾರು 450. ಎಂದರೆ ಮರಳಿನ ಎದುರು 60ರ ಉಕ್ಕಿನ ತಳಲೋಹವೂ ಸೋಲುತ್ತದೆ, 45ರದ್ದೂ ಸೋಲುತ್ತದೆ. ಗೀರನ್ನು ತಡೆದು ನಿಲ್ಲಿಸುವುದು ವಿಕರ್ಸ್ 1,500ನ್ನು ಮೀರುವ ಕ್ರೋಮಿಯಂ ಕಾರ್ಬೈಡು. 6ಕೆ ಲೋಹದಲ್ಲಿ ಆ ಕಣಗಳು ಧಾರಾಳವಾಗಿವೆ, ದೊಡ್ಡವಾಗಿಯೂ ಇವೆ.

ತಳಲೋಹಕ್ಕೂ ಒಂದು ವಿಶೇಷವಿದೆ. ಶುದ್ಧ ಕೋಬಾಲ್ಟಿನ ಪರಮಾಣು ಜೋಡಣೆ ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಒಂದು ಬಗೆಯದು, ಕೆಳಗೆ ಇನ್ನೊಂದು ಬಗೆಯದು. ಈ ಮಿಶ್ರಲೋಹದಲ್ಲಿ ಬಿಸಿಯ ಜೋಡಣೆಯೇ ತಣ್ಣಗಾದ ಮೇಲೂ ಬಹುಪಾಲು ಉಳಿದುಕೊಂಡಿರುತ್ತದೆ. ಒತ್ತಡವೋ ಉಜ್ಜುವಿಕೆಯೋ ಬಿದ್ದ ಕಡೆ ಮಾತ್ರ ತಣ್ಣನೆಯ ಜೋಡಣೆಗೆ ತಿರುಗಿ ಆ ಜಾಗ ಗಡಸಾಗುತ್ತದೆ. ಲೋಹಕ್ಕೆ ಲೋಹ ಉಜ್ಜಿದಾಗ ಇದು ಹತ್ತಿಕೊಳ್ಳದೆ ಜಾರುವುದಕ್ಕೆ ಈ ಗುಣವೂ ಕಾರಣ. ಕವಾಟ ತಯಾರಿಸುವವರಿಗೆ ಇದು ವರ. ಚಾಕು ತಯಾರಕರಿಗೆ ಅರ್ಧ ವರ, ಅರ್ಧ ಕಿರುಕುಳ. ಅದರ ವಿವರ ಮುಂದೆ ಬರುತ್ತದೆ.

ಉಪ್ಪುನೀರಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ, ಕ್ರೋಮಿಯಂ ಕಾರ್ಬೈಡಿಗೆ ಹೋದ ಮೇಲೂ ಬೇಕಾದಷ್ಟು ಉಳಿದಿರುತ್ತದೆ. ಕಡಲನೀರು ಚಾಕುವಿನ ಆಯುಷ್ಯದಲ್ಲಿ ಇದನ್ನು ಏನೂ ಮಾಡದು ಎಂದು ಭಾವಿಸಿಯೇ ಮುಂದುವರಿಯಬಹುದು. ಜೊತೆಗೆ ಇದು ಕಾಂತಕ್ಕೆ ಅಂಟುವುದಿಲ್ಲ. ಮಣಿಕಟ್ಟಿನಲ್ಲಿ ದಿಕ್ಸೂಚಿ ಕಟ್ಟಿಕೊಳ್ಳುವ ಮುಳುಗುಗಾರರಿಗೆ ಇದೊಂದು ಹೆಚ್ಚುವರಿ ಅನುಕೂಲ.

ಆಯ್ಕೆ ಮತ್ತು ರೂಪ

6ಬಿಯೋ 6ಕೆಯೋ ಎಂಬ ಚರ್ಚೆ ತುಸು ದೀರ್ಘವಾಗಿಯೇ ನಡೆಯಿತು. ಎಳೆದಾಗ ತುಂಡಾಗುವ ಮುನ್ನ 6ಬಿ ಸುಮಾರು ಶೇ. 11ರಷ್ಟು ಹಿಗ್ಗುತ್ತದೆ, 6ಕೆ ಶೇ. 4ರಷ್ಟು ಮಾತ್ರ. ಚಾಕುವಿನಿಂದ ಮೀಟುವ ಅಭ್ಯಾಸವಿದ್ದವರಿಗೆ 6ಬಿ ಹೆಚ್ಚು ಕ್ಷಮಾಶೀಲ. ಆದರೆ ಈ ಬಳಕೆದಾರರ ಕೆಲಸದ ಬಹುಪಾಲು ಹಗ್ಗ ಮತ್ತು ಬಲೆಯಾದ್ದರಿಂದ, ಅಂಚು ಹೆಚ್ಚು ಕಾಲ ನಿಲ್ಲುವ 6ಕೆಯನ್ನೇ ಆರಿಸಿ, ಮೀಟುವ ಕೆಲಸಕ್ಕೆ ಬೇರೊಂದು ಚಪ್ಪಟೆ ಸಲಾಕೆ ಇಟ್ಟುಕೊಳ್ಳಬೇಕೆಂದು ತಯಾರಕರು ಷರತ್ತು ಹಾಕಿದರು. ಎರಕದ ಅಲಗು ಹಗ್ಗಕ್ಕೆ ಇನ್ನೂ ಚುರುಕಾಗಿದ್ದೀತು, ಆದರೆ ತೆಳುವಾದ ಮೊನೆಯನ್ನು ಅದರಲ್ಲಿ ನಂಬುವುದು ಕಷ್ಟವೆಂದು ಕೈಬಿಡಲಾಯಿತು.

ಇಂತಹ ಅಲಗಿನ ರೂಪ ನಿರ್ಧರಿಸುವಾಗ ಗಮನದಲ್ಲಿಡಬೇಕಾದ ಸಂಖ್ಯೆಗಳು ಎರಡು. ಬಿಗುಪಿನಲ್ಲಿ, ಅಂದರೆ ಬಾಗಿಸಲು ಬೇಕಾದ ಬಲದಲ್ಲಿ, ಕೋಬಾಲ್ಟ್ ಮಿಶ್ರಲೋಹವೂ ಉಕ್ಕೂ ಹೆಚ್ಚುಕಡಿಮೆ ಒಂದೇ. ಎರಡೂ 210 ಗಿಗಾಪ್ಯಾಸ್ಕಲ್ ಹತ್ತಿರ. ಬಾಗಿದ್ದು ಮತ್ತೆ ನೇರವಾಗದೆ ಉಳಿಯುವ ಮಿತಿಯಲ್ಲಿ ಮಾತ್ರ ಅಜಗಜಾಂತರ. 6ಕೆಗೆ ಆ ಮಿತಿ ಸುಮಾರು 700 ಮೆಗಾಪ್ಯಾಸ್ಕಲ್, ಚೆನ್ನಾಗಿ ಹದ ಹಾಕಿದ ಚಾಕು ಉಕ್ಕಿಗೆ ಅದರ ಎರಡು ಪಟ್ಟಿಗೂ ಹೆಚ್ಚು. ಕೈಗೆ ಎರಡೂ ಒಂದೇ ರೀತಿ ಬಿಗಿಯಾಗಿ ಕಾಣುತ್ತವೆ. ಆದರೆ ಉಕ್ಕು ಬಳುಕಿ ಹಿಂದಿರುಗುವ ಕಡೆ ಕೋಬಾಲ್ಟ್ ಬಾಗಿದಲ್ಲೇ ನಿಲ್ಲುತ್ತದೆ. ಇಡೀ ಅಲಗಿಗೆ ಅನ್ವಯಿಸುವ ಈ ಮಾತು ಕೂದಲಿಗಿಂತ ತೆಳುವಾದ ಅಂಚಿಗೂ ಅಷ್ಟೇ ಅನ್ವಯಿಸುತ್ತದೆ. ಆದ್ದರಿಂದ 3.2 ಮಿಲಿಮೀಟರ್ ದಪ್ಪದ ಹಾಳೆ, ಅಂಚಿನ ಇಳಿಜಾರು ಆರಂಭವಾಗುವ ಕಡೆ 0.6 ಮಿಲಿಮೀಟರ್ ದಪ್ಪ, ಒಂದೊಂದು ಪಕ್ಕಕ್ಕೆ 20 ಡಿಗ್ರಿ ಕೋನ ಎಂದು ನಿಗದಿಯಾಯಿತು. ಹಳೆಯ ಉಕ್ಕಿನ ಚಾಕುವಿಗೆ ಇದ್ದದ್ದು 15 ಡಿಗ್ರಿ. ಲೋಹದ ಸಾಂದ್ರತೆ ಘನ ಸೆಂಟಿಮೀಟರಿಗೆ 8.4 ಗ್ರಾಂ, ಉಕ್ಕಿನದು 7.8, ಹೀಗಾಗಿ ತೂಕವೂ ತುಸು ಹೆಚ್ಚಿತು, ನೀರಿನಡಿಯಲ್ಲಿ ಅದು ಗಮನಕ್ಕೆ ಬಾರದಷ್ಟು.

ತಯಾರಿಕೆ

ಇಲ್ಲಿ ಒಂದು ದೊಡ್ಡ ಅನುಕೂಲವೂ ಹಲವು ಸಣ್ಣ ಕಾಟಗಳೂ ಇವೆ. ಉಕ್ಕಿನ ಅಲಗನ್ನು ಕೆಂಪಗೆ ಕಾಯಿಸಿ, ತಣಿಸಿ, ಮತ್ತೆ ಮಂದ ಬಿಸಿಯಲ್ಲಿ ಹದ ಇಳಿಸಬೇಕು. ಆ ಹಂತದಲ್ಲಿ ಅಲಗು ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಕೋಬಾಲ್ಟ್ ಮಿಶ್ರಲೋಹಕ್ಕೆ ಇದೊಂದೂ ಇಲ್ಲ. ಕಾರ್ಖಾನೆಯಿಂದ ಬಂದ ಹಾಳೆಯೇ ಅಂತಿಮ ಸ್ಥಿತಿಯಲ್ಲಿರುತ್ತದೆ; ಬೇಕಾದ ಆಕಾರಕ್ಕೆ ಕತ್ತರಿಸಿ, ಸವೆಸಿ, ಹಿಡಿ ಕೂರಿಸಿದರೆ ಆಯಿತು. ಸಾಣೆ ಹಿಡಿಯುವಾಗ ಅಂಚು ನೀಲಿಗಟ್ಟಿದರೆ ಉಕ್ಕಿನ ಅಲಗಿನ ಹದ ಕೆಟ್ಟಿತೆಂದು ಲೆಕ್ಕ. ಕಾದ ಸ್ಥಿತಿಯಲ್ಲೂ ಗಡಸುತನ ಉಳಿಸಿಕೊಳ್ಳಲೆಂದೇ ಹೆಸರಾದ ಈ ಲೋಹಕ್ಕೆ ಬಣ್ಣ ಬಂದರೂ ಗುಣ ಹೋಗದು, ಸುಡುವುದು ಹಿಡಿದವರ ಬೆರಳು ಮಾತ್ರ.

ಕಾಟಗಳಲ್ಲಿ ಮೊದಲನೆಯದು ತೂತು ಕೊರೆಯುವುದು. ಉಜ್ಜಿದಲ್ಲಿ ಗಡಸಾಗುವ ಗುಣವನ್ನು ಮೇಲೆ ಹೇಳಿದೆ. ಡ್ರಿಲ್ ಬಿಟ್ ಕ್ಷಣಕಾಲ ಕೊಯ್ಯದೆ ಬರಿದೇ ತಿರುಗಿದರೂ ತೂತಿನ ತಳ ಗಡಸಾಗಿ ಮುಂದೆ ಇಳಿಯಲು ಬಿಡುವುದಿಲ್ಲ. ತಯಾರಕರು ಟಂಗ್‌ಸ್ಟನ್ ಕಾರ್ಬೈಡ್ ಬಿಟ್ ಹಾಕಿ, ನಿಧಾನ ವೇಗದಲ್ಲಿ, ಒತ್ತಡ ಸಡಿಲಿಸದೆ ಕೊರೆದರು. ಗ್ರೈಂಡಿಂಗ್ ಬೆಲ್ಟುಗಳು ಉಕ್ಕಿಗಿಂತ ಬೇಗ ಸವೆದವು. ಇಂತಹ ಚಾಕುಗಳ ಬೆಲೆಯಲ್ಲಿ ಲೋಹದ ಪಾಲು ದೊಡ್ಡದು, ಕೂಲಿಯ ಪಾಲೂ ಸಣ್ಣದಲ್ಲ. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ ಒಂದರಿಂದಲೇ ಬರುತ್ತದೆ, ಬ್ಯಾಟರಿ ಉದ್ಯಮ ಅದೇ ಲೋಹಕ್ಕೆ ಕೈಚಾಚಿ ನಿಂತಿದೆ. ಬೆಲೆ ಏರಿಳಿಯುತ್ತಲೇ ಇರುತ್ತದೆ.

ಎರಡನೆಯದನ್ನು ಕಾಟವೆನ್ನುವುದಕ್ಕಿಂತ ಅಪಾಯವೆನ್ನಬೇಕು. ಸವೆಸುವಾಗ ಏಳುವ ಕೋಬಾಲ್ಟ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲಿ ಕೋಬಾಲ್ಟ್ ಲೋಹವನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ಉಂಟುಮಾಡಬಲ್ಲ ವಸ್ತುಗಳ 2ಎ ಗುಂಪಿನಲ್ಲಿ ಇರಿಸಿದೆ. ಅಮೆರಿಕದ ಕಾರ್ಖಾನೆಗಳಲ್ಲಿ ಕಾನೂನು ಒಪ್ಪುವ ಗರಿಷ್ಠ ಪ್ರಮಾಣ ಒಂದು ಘನ ಮೀಟರ್ ಗಾಳಿಗೆ 0.1 ಮಿಲಿಗ್ರಾಂ, ವೃತ್ತಿ ಆರೋಗ್ಯ ತಜ್ಞರ ಶಿಫಾರಸು ಅದಕ್ಕಿಂತಲೂ ಕಡಿಮೆ, 0.02 ಮಿಲಿಗ್ರಾಂ. ಈ ಕೆಲಸದಲ್ಲಿ ಬೆಲ್ಟಿನ ಮೇಲೆ ನೀರು ಹರಿಸಿ, ಸರಿಯಾಗಿ ಮುಖಕ್ಕೆ ಕೂರುವ ರೆಸ್ಪಿರೇಟರ್ ಹಾಕಿ, ಕೆಸರನ್ನು ಒಣಗಲು ಬಿಡದೆ ಒದ್ದೆಯಲ್ಲೇ ಒರೆಸಿ ತೆಗೆಯಲಾಯಿತು. ಬಟ್ಟೆಯ ತುಂಡು ಮುಖಕ್ಕೆ ಕಟ್ಟಿಕೊಂಡು ಈ ಲೋಹವನ್ನು ಒಣದಾಗಿ ಸವೆಸುವವರನ್ನು ಕಂಡರೆ ತಡೆಯಬೇಕು. ಮುಗಿದ ಚಾಕುವನ್ನು ಬಳಸುವವರಿಗೆ ಈ ಅಪಾಯವಿಲ್ಲ, ಆದರೆ ನಿಕಲ್ ಅಥವಾ ಕೋಬಾಲ್ಟ್ ತಗಲಿದರೆ ಚರ್ಮ ತುರಿಸುವವರು ಬರಿಯ ಲೋಹದ ಹಿಡಿಯಿರುವ ಮಾದರಿಗಳಿಂದ ದೂರವಿರುವುದು ಒಳ್ಳೆಯದು. ಇಲ್ಲಿನ ಬಳಕೆದಾರರಿಗೆ ಅಂತಹ ತೊಂದರೆಯಿರಲಿಲ್ಲ.

ಹಿಡಿಗೆ ಮೊದಲು ಹಾಕಿದ್ದು ತುಕ್ಕು ಹಿಡಿಯದ ಉಕ್ಕಿನ ಸಾಧಾರಣ ತಿರುಪುಗಳು. ಅಲಗು ಸುಸ್ಥಿತಿಯಲ್ಲಿದ್ದರೂ ತಿರುಪಿನ ತಲೆಯ ಸುತ್ತ ಸ್ವಲ್ಪ ದಿನದಲ್ಲೇ ಕಂದು ಉಂಗುರ ಕಾಣಿಸಿಕೊಂಡಿತು. ಸುಲಭವಾಗಿ ತುಕ್ಕು ಹಿಡಿಯದ ಲೋಹವೂ ಸುಲಭವಾಗಿ ತುಕ್ಕು ಹಿಡಿಯುವ ಲೋಹವೂ ಉಪ್ಪುನೀರಿನಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಎರಡನೆಯದಕ್ಕೆ ಇನ್ನಷ್ಟು ಬೇಗ ತುಕ್ಕು ಹಿಡಿಯುತ್ತದೆ. ತಿರುಪುಗಳನ್ನು ಟೈಟೇನಿಯಮ್ಮಿಗೆ ಬದಲಿಸಿದ ಮೇಲೆ ಆ ತೊಂದರೆ ಮರುಕಳಿಸಲಿಲ್ಲ.

ಬಳಕೆಯಲ್ಲಿ ಕಂಡದ್ದು

ಒರೆಯ ಪರೀಕ್ಷೆಯನ್ನು ಹೊಸ ಅಲಗಿನ ಮೇಲೆ ಮೊದಲಿಗೇ ನಡೆಸಲಾಯಿತು. ಸಮುದ್ರದ ನೀರಿನಲ್ಲಿ ಅದ್ದಿದ ಅದೇ ಒರೆಯಲ್ಲಿ ಹಳೆಯದಕ್ಕಿಂತ ಹೆಚ್ಚು ಕಾಲ ಇಟ್ಟು ತೆಗೆದರೂ ಅದು ಕಾಗದವನ್ನು ಮೊದಲಿನಂತೆಯೇ ಸೀಳಿತು. ಭೂತಗನ್ನಡಿಯಲ್ಲಿ ಅಂಚು ಅಖಂಡವಾಗಿತ್ತು. ಬಳಕೆದಾರರ ಪಾಲಿಗೆ ಪ್ರಶ್ನೆ ಅಲ್ಲಿಗೇ ಮುಗಿದಂತಾಗಿತ್ತು. ಚಾಕುವನ್ನು ಒರೆಸುವ ಚಿಂತೆಯೇ ತಪ್ಪಿತು ಎಂದು ಅವರು ಹೇಳಿದ್ದು ಉತ್ಪ್ರೇಕ್ಷೆಯಲ್ಲ.

ಹಗ್ಗದ ಮೇಲೆ ಅದರ ವರ್ತನೆಯಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಹೊಸದಾಗಿ ಸಾಣೆ ಹಿಡಿದಾಗ ಅದು ಹಳೆಯ ಉಕ್ಕಿನಷ್ಟು ನಯವಾಗಿ ಹರಿತವಾಗುವುದಿಲ್ಲ, ಮುಂಗೈಯ ಕೂದಲನ್ನು ಒಲ್ಲದ ಮನಸ್ಸಿನಿಂದ ಬೋಳಿಸುತ್ತದೆ. ಬಳಸುತ್ತ ಹೋದಂತೆ ಮೆದುವಾದ ತಳಲೋಹ ಸ್ವಲ್ಪ ಹಿಂದೆ ಸರಿದು ದೊಡ್ಡ ಕಾರ್ಬೈಡ್ ಕಣಗಳು ಅಂಚಿನಲ್ಲಿ ಹೊರಚಾಚುತ್ತವೆ. ಬೆರಳನ್ನು ಅಂಚಿಗೆ ಅಡ್ಡಲಾಗಿ ಹಗುರವಾಗಿ ಸವರಿದರೆ ಸಣ್ಣ ಹಲ್ಲುಗಳ ತರಿ ಗೊತ್ತಾಗುತ್ತದೆ. ಎಳೆದು ಕೊಯ್ದಾಗ ಒದ್ದೆ ನೈಲಾನ್ ಹಗ್ಗದ ಎಳೆಗಳು ಜಾರದೆ ಈ ತರಿಗೆ ಸಿಕ್ಕಿ ತುಂಡಾಗುತ್ತವೆ. ಅದೇ ಅಂಚನ್ನು ಎಳೆಯದೆ ನೇರವಾಗಿ ಒತ್ತಿದರೆ ಹಗ್ಗ ತಗ್ಗುತ್ತದೆಯೇ ಹೊರತು ಬೇಗ ತುಂಡಾಗುವುದಿಲ್ಲ. ಮರ ಕೆತ್ತುವವರು ಈ ಲೋಹವನ್ನು ಮೆಚ್ಚುವುದು ಅಪರೂಪವೇಕೆ ಎಂಬುದಕ್ಕೂ ಇದೇ ಉತ್ತರ: ಅವರ ಕೆಲಸವೆಲ್ಲ ಒತ್ತಿ ಕೊಯ್ಯುವುದು.

ತೊಂದರೆ ಬಂದದ್ದು ಹಗ್ಗದಿಂದಲ್ಲ, ಹಗ್ಗದ ಕೊನೆಯಲ್ಲಿದ್ದ ಶ್ಯಾಕಲ್ ಎಂಬ ಉಕ್ಕಿನ ಕೊಂಡಿಯಿಂದ. ಬಿಗಿದ ಹಗ್ಗ ಫಕ್ಕನೆ ತುಂಡಾದಾಗ ಅಲಗು ವೇಗವಾಗಿ ಹೋಗಿ ಅದಕ್ಕೆ ಬಡಿಯಿತು. ಉಕ್ಕಿನ ಅಂಚಾಗಿದ್ದರೆ ಬಹುಶಃ ಚಿಕ್ಕ ಚಕ್ಕೆ ಹಾರುತ್ತಿತ್ತು. ಇಲ್ಲಿ ಚಕ್ಕೆ ಹಾರಲಿಲ್ಲ. ಅಕ್ಕಿಕಾಳಿನಷ್ಟು ಉದ್ದದಲ್ಲಿ ಅಂಚು ಒಂದು ಪಕ್ಕಕ್ಕೆ ಮಡಚಿಕೊಂಡಿತು. ಬೆಳಕಿಗೆ ಹಿಡಿದರೆ ಆ ಮಡಿಕೆ ಹೊಳೆಯುತ್ತಿತ್ತು, ಒಂದು ಕಡೆಯಿಂದ ಉಗುರು ತಡೆಯುತ್ತಿತ್ತು, ಇನ್ನೊಂದು ಕಡೆಯಿಂದ ಜಾರುತ್ತಿತ್ತು. ಉಕ್ಕಿನ ಕಡ್ಡಿಯ ಮೇಲೆ ಎಳೆದು ನೇರ ಮಾಡುವ ಪ್ರಯತ್ನ ಫಲಿಸಿದಂತೆ ಕಂಡರೂ ಅದೇ ಜಾಗ ಮುಂದಿನ ಕೆಲಸದಲ್ಲೇ ಮತ್ತೆ ಮಡಚಿತು. ಒಮ್ಮೆ ಬಾಗಿ ಮತ್ತೆ ನೇರವಾದ ಲೋಹ ಗಡಸಾಗಿ ದಣಿದಿರುತ್ತದೆ, ಅದನ್ನು ನಂಬುವಂತಿಲ್ಲ. ಅಷ್ಟನ್ನೂ ಸಾಣೆಗೆ ಕೊಟ್ಟು ಹೊಸ ಅಂಚು ತೆಗೆಯುವುದೊಂದೇ ದಾರಿ.

ಮೊನೆಯ ಕಥೆಯೂ ಇಂಥದ್ದೇ. ಷರತ್ತು ಏನೇ ಇರಲಿ, ನೀರಿನಡಿಯಲ್ಲಿ ಸಲಾಕೆ ಹುಡುಕುವ ಬದಲು ಕೈಯಲ್ಲಿದ್ದ ಚಾಕುವಿನಿಂದಲೇ ಚೌಕಟ್ಟಿಗೆ ಅಂಟಿದ ಬಾರ್ನಕಲ್ ಎಂಬ ಚಿಪ್ಪುಜೀವಿಗಳನ್ನು ಎಬ್ಬಿಸುವ ಆಸೆ ತಡೆಯಲಾಗದ್ದು. ಮೊನೆ ಕೆಲವು ಡಿಗ್ರಿ ಬಾಗಿತು, ಬಾಗಿಯೇ ಉಳಿಯಿತು. ತಯಾರಕರು ಅದನ್ನು ವೈಸ್‌ನಲ್ಲಿ ಹಿಡಿದು ನಿಧಾನವಾಗಿ ನೇರ ಮಾಡಿದರು. ಈ ಉಪಾಯ ಎಷ್ಟು ಬಾರಿ ನಡೆದೀತೆಂದು ಭರವಸೆ ಕೊಡಲು ಅವರು ಒಪ್ಪಲಿಲ್ಲ, ಒಪ್ಪದಿದ್ದುದೇ ಸರಿ.

ಈ ಅನುಭವದ ನಂತರ ಹಿಡಿಯ ಬದಿಯ ಮೂರನೆಯ ಒಂದು ಭಾಗದ ಅಂಚಿಗೆ ಒಂದೊಂದು ಪಕ್ಕಕ್ಕೆ 25 ಡಿಗ್ರಿಯ ಸಣ್ಣ ಎರಡನೆಯ ಇಳಿಜಾರು ಕೊಡಲಾಯಿತು. ಬಿಗಿದ ಹಗ್ಗ, ಒಳಗೆ ತಂತಿಯಿರಬಹುದಾದ ಹಗ್ಗ ಎಲ್ಲವೂ ಆ ಭಾಗಕ್ಕೆ. ಮುಂದಿನ ಭಾಗ ಮೊದಲಿನಂತೆ 20 ಡಿಗ್ರಿಯಲ್ಲೇ ಬಲೆಗೆ ಮೀಸಲಾಯಿತು. ಮಡಚುವ ದೂರು ಪೂರ್ತಿ ನಿಲ್ಲಲಿಲ್ಲ, ಸಹಿಸಬಹುದಾದಷ್ಟು ಕಡಿಮೆಯಾಯಿತು.

ಸಾಣೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ತಿದ್ದಬೇಕು. ಕೋಬಾಲ್ಟ್ ಅಲಗಿಗೆ ವಜ್ರದ ಸಾಣೆಹಲಗೆಯೇ ಬೇಕು ಎಂದು ಹೇಳುವುದುಂಟು. ಸಾಧಾರಣ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲಿನ ಗಡಸುತನ ವಿಕರ್ಸ್ 2,000ದ ಹತ್ತಿರವಿದ್ದು ಕ್ರೋಮಿಯಂ ಕಾರ್ಬೈಡನ್ನು ಅದು ಸವೆಸಬಲ್ಲದು. ವಜ್ರ ಬೇಗ ಮುಗಿಸುತ್ತದೆ, ಅಷ್ಟೇ. ನಿಜವಾದ ಕಷ್ಟ ಸಾಣೆಯ ಕೊನೆಯಲ್ಲಿದೆ. ಅಂಚಿನ ತುದಿಯಲ್ಲಿ ಏಳುವ ಲೋಹದ ತೆಳು ಸಿಪ್ಪೆ, ಬರ್ ಎನ್ನುವುದು, ಈ ಲೋಹದಲ್ಲಿ ಮುರಿದು ಬೀಳದೆ ಆಚೆಗೊಮ್ಮೆ ಈಚೆಗೊಮ್ಮೆ ಮಗುಚಿಕೊಳ್ಳುತ್ತ ಅಂಟಿಕೊಂಡೇ ಇರುತ್ತದೆ. ಅದನ್ನೇ ಹರಿತವೆಂದು ನಂಬಿ ಕೆಲಸಕ್ಕೆ ಹೋದರೆ ಮೊದಲ ಹಗ್ಗಕ್ಕೇ ಚಾಕು ಮೊಂಡು. ಕೊನೆಯ ಕೆಲವು ಎಳೆತಗಳನ್ನು ಕೋನ ತುಸು ಎತ್ತಿ, ಚಾಕುವಿನ ತೂಕವಷ್ಟೇ ಕಲ್ಲಿನ ಮೇಲೆ ಬೀಳುವಂತೆ, ಪಕ್ಕ ಬದಲಿಸುತ್ತ ಎಳೆದರೆ ಸಿಪ್ಪೆ ಹೋಗುತ್ತದೆ. ಬಳಕೆದಾರರು ಇದನ್ನು ಕಲಿಯುವವರೆಗೆ ಚಾಕುವನ್ನು ದೂಷಿಸಿದ್ದು ಸ್ವಲ್ಪ ಅನ್ಯಾಯ.

ಬೇರೆ ಲೋಹವಾಗಿದ್ದರೆ

ಸಾಮಾನ್ಯ ಚಾಕು ಉಕ್ಕಿಗೆ ಎದುರಾಗಿ ಕೋಬಾಲ್ಟನ್ನು ನಿಲ್ಲಿಸಿ ಗೆದ್ದಿತೆನ್ನುವುದು ಅರ್ಧ ಹೋಲಿಕೆ ಮಾತ್ರ, ಏಕೆಂದರೆ ಇಂಗಾಲದ ಬಹುಪಾಲನ್ನು ಸಾರಜನಕದಿಂದ ಬದಲಿಸಿದ ಉಕ್ಕುಗಳೂ ಈಗ ಇವೆ. ಎಲ್‌ಸಿ200ಎನ್ ಎಂಬ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ. 0.3, ಸಾರಜನಕ ಸುಮಾರು ಶೇ. 0.5, ಕ್ರೋಮಿಯಂ ಶೇ. 15. ಇಂಗಾಲದಷ್ಟು ಸಾರಜನಕ ಕ್ರೋಮಿಯಮ್ಮನ್ನು ಕಣಗಳಲ್ಲಿ ಬಂಧಿಸಿಡುವುದಿಲ್ಲವಾದ್ದರಿಂದ ರಕ್ಷಣೆಯ ಪದರಕ್ಕೆ ಅದು ಹೆಚ್ಚಾಗಿ ಉಳಿಯುತ್ತದೆ. ಎಚ್1 ಎಂಬ ಉಕ್ಕು ಇಂಗಾಲವನ್ನು ಶೇ. 0.15ಕ್ಕೂ ಮೇಲೆ ಬಿಡದೆ ಉಪ್ಪುನೀರಿನ ಚಾಕುಗಳಲ್ಲಿ ಹೆಸರು ಮಾಡಿದೆ. ಲೋಹವಿಜ್ಞಾನಿ ಲಾರಿನ್ ಥಾಮಸ್ ರೂಪಿಸಿದ, 2021ರಲ್ಲಿ ಬಂದ ಮ್ಯಾಗ್ನಾಕಟ್‌ನಲ್ಲಿ ಹದ ಹಾಕಿದ ಮೇಲೆ ಕ್ರೋಮಿಯಂ ಕಾರ್ಬೈಡೇ ಉಳಿಯದಂತೆ ಮಿಶ್ರಣವನ್ನು ಹೊಂದಿಸಲಾಗಿದೆ. ಇವೆಲ್ಲವೂ ಬಾಗಿದರೆ ಹಿಂದಿರುಗುವ ಉಕ್ಕುಗಳು, ತೆಳುವಾದ ಅಂಚನ್ನು ಹೊರಬಲ್ಲವು, ಕೋಬಾಲ್ಟಿಗಿಂತ ಅಗ್ಗ.

ಒಣ ಕೈಯಲ್ಲಿ ಕೂತು ಬರೆಯುವವನ ಅಭಿಪ್ರಾಯ ಕೇಳಿದರೆ, ಸಮುದ್ರದ ಬಳಿ ಕೆಲಸ ಮಾಡುವ ಹತ್ತರಲ್ಲಿ ಎಂಟು ಮಂದಿಗೆ ನಾನು ಮೊದಲು ಎಲ್‌ಸಿ200ಎನ್ ಉಕ್ಕನ್ನೇ ತೋರಿಸುತ್ತೇನೆ. ಶ್ಯಾಕಲ್‌ಗೆ ಬಡಿದ ಅಂಚು, ಬಾಗಿದ ಮೊನೆ ಎರಡೂ ಅದರಲ್ಲಿ ಇಷ್ಟು ತೊಂದರೆ ಕೊಡುತ್ತಿರಲಿಲ್ಲ. ಈ ಬಳಕೆದಾರರ ವಿಷಯದಲ್ಲಿ ಕೋಬಾಲ್ಟಿನ ಪರವಾಗಿ ನಿಂತ ಸಂಗತಿಗಳು ಮೂರು. ಎಲ್‌ಸಿ200ಎನ್‌ನಲ್ಲಿ ಗಟ್ಟಿ ಕಣಗಳು ಕಡಿಮೆಯಾದ್ದರಿಂದ ಮರಳು ತುಂಬಿದ ಹಗ್ಗದ ಮೇಲೆ ಅದರ ಅಂಚು ಇಷ್ಟು ಕಾಲ ತರಿಯಾಗಿ ಉಳಿಯುವುದಿಲ್ಲ. ಅದು ಕಾಂತಕ್ಕೆ ಅಂಟುತ್ತದೆ, ದಿಕ್ಸೂಚಿಯ ವಿಷಯ ಇವರಿಗೆ ನಿಜಕ್ಕೂ ಮುಖ್ಯವಾಗಿತ್ತು. ಮೂರನೆಯದು ಸಂಪೂರ್ಣ ನಿರ್ಲಕ್ಷ್ಯವನ್ನು ಸಹಿಸುವ ಶಕ್ತಿ. ಕಾಂತಕ್ಕೆ ಅಂಟದ ಇನ್ನೊಂದು ಪರಿಚಿತ ಲೋಹ ಟೈಟೇನಿಯಂ. ಅದು ಹಗುರ, ತುಕ್ಕಿಲ್ಲ, ಆದರೆ ಅದರಲ್ಲಿ ಗಟ್ಟಿ ಕಾರ್ಬೈಡುಗಳಿಲ್ಲದ್ದರಿಂದ ಬರಿಯ ಟೈಟೇನಿಯಂ ಅಂಚು ಹಗ್ಗದ ಮುಂದೆ ಹೆಚ್ಚು ಹೊತ್ತು ನಿಲ್ಲದು.

ಚಾಕು ಮೆಚ್ಚುಗೆಯಾದ ಮೇಲೆ ಇದೇ ಲೋಹದಲ್ಲಿ ಅಡುಗೆಮನೆಗೂ ಒಂದು ತೆಳುವಾದ ಚಾಕು ಮಾಡಿಕೊಡಿ ಎಂಬ ಕೋರಿಕೆ ಬಂತು. ತಯಾರಕರು ಒಪ್ಪಲಿಲ್ಲ. ಹುಳಿ ತಗಲಿದರೆ ಕಲೆಯಾಗದು ಎಂಬುದು ನಿಜ. ಆದರೆ ಅಡುಗೆ ಚಾಕುವಿನ ಸೊಗಸಿರುವುದು ಒಂದು ಪಕ್ಕಕ್ಕೆ 12 ಡಿಗ್ರಿಯಂತಹ ತೆಳು ಅಂಚಿನಲ್ಲಿ, ಮಣೆಗೆ ಪದೇಪದೇ ಬಡಿಯುವ ಅಂತಹ ಅಂಚನ್ನು ಹೊರುವ ಕಸುವು ಈ ಲೋಹಕ್ಕಿಲ್ಲ. ದಪ್ಪ ಕೋನ ಕೊಟ್ಟರೆ ಅಂಚು ಉಳಿಯುತ್ತದೆ, ಕೊಯ್ಯುವ ಸುಖ ಹೋಗುತ್ತದೆ. ತೊಳೆದು ಒರೆಸಿಡುವ ಮನೆಯಲ್ಲಿ ಒಳ್ಳೆಯ ಉಕ್ಕು ಮೊಂಡಾಗುವುದು ತುಕ್ಕಿನಿಂದಲ್ಲವಾದ್ದರಿಂದ, ಇಲ್ಲದ ರೋಗಕ್ಕೆ ದುಬಾರಿ ಮದ್ದು ಮಾಡಿಕೊಡಲು ಅವರಿಗೆ ಮನಸ್ಸಿರಲಿಲ್ಲ.

ಸದ್ಯ ಬಳಕೆದಾರರ ಬಳಿ ಎರಡು ಅಲಗುಗಳಿವೆ. ಬಲೆ, ಹಗ್ಗಗಳಿಗೆ 6ಕೆ ಚಾಕು. ಮೀಟುವುದಕ್ಕೂ ಕೆರೆಯುವುದಕ್ಕೂ ಕಾಲಿನ ಇನ್ನೊಂದು ಬದಿಯಲ್ಲಿ ಚಪ್ಪಟೆ ಮೊನೆಯ ಟೈಟೇನಿಯಂ ಸಲಾಕೆ. ಅದೇ ಘಟಕದ ಇನ್ನೊಬ್ಬ ಮುಳುಗುಗಾರರಿಗೆ ಮಾಡುವ ಚಾಕುವಿಗೆ 6ಬಿ ಹಾಳೆ ತರಿಸಲಾಗಿದೆ. ಅವರ ಕೆಲಸ ಹೆಚ್ಚಾಗಿ ಲೋಹದ ಚೌಕಟ್ಟುಗಳ ನಡುವೆ ನಡೆಯುವುದರಿಂದ ಅದರ ಮೊನೆಯನ್ನು ಮೊಂಡಾಗಿಯೇ ಬಿಟ್ಟು, ಬೆನ್ನನ್ನು 4 ಮಿಲಿಮೀಟರಿಗೆ ಏರಿಸಿ, ಅಂಚಿಗೆ ಆರಂಭದಿಂದಲೇ ಪೂರ್ತಿ 25 ಡಿಗ್ರಿ ಕೊಡಲು ತಯಾರಕರು ನಿರ್ಧರಿಸಿದ್ದಾರೆ.